ಸ್ವಾಗತಗೀತೆಯ ಹುಡುಗಿ, ಸ್ವರಾಜ್ಯದ ವೇದಿಕೆ

1924ರ ಡಿಸೆಂಬರ್ ಕೊನೆಯ ವಾರ ಬೆಳಗಾವಿಯ ಟಿಳಕವಾಡಿಯ ಬಯಲಿನಲ್ಲಿ ಒಂದು ಊರೇ ಎದ್ದು ನಿಂತಿತ್ತು. ಆ ಡೇರೆಗಳ ಊರಿಗೆ ವಿಜಯನಗರವೆಂದು ಹೆಸರಿಟ್ಟಿದ್ದರು. ನೀರಿಗಾಗಿ ತೋಡಿಸಿದ ಬಾವಿ ಪಂಪಾ ಸರೋವರವಾಗಿತ್ತು. ಕಾಂಗ್ರೆಸ್ಸಿನ 39ನೆಯ ಅಧಿವೇಶನವದು. ಗಾಂಧೀಜಿ ತಮ್ಮ ಇಡೀ ಬದುಕಿನಲ್ಲಿ ಅಧ್ಯಕ್ಷತೆ ವಹಿಸಿದ್ದು ಇದೊಂದೇ ಅಧಿವೇಶನಕ್ಕೆ. ಗಂಗಾಧರರಾವ್ ದೇಶಪಾಂಡೆಯವರು ತಿಂಗಳುಗಟ್ಟಲೆ ಓಡಾಡಿ ಎಲ್ಲವನ್ನೂ ಅಣಿಗೊಳಿಸಿದ್ದರು. ಅಲ್ಲಿ ಸ್ವಾಗತಗೀತೆ ಹಾಡಲು ಬಂದವರಲ್ಲಿ ಧಾರವಾಡದ ಹನ್ನೊಂದು ವರ್ಷದ ಹುಡುಗಿಯೊಬ್ಬಳಿದ್ದಳು. ಹೆಸರು ಗಂಗೂ. ಮುಂದೆ ಜಗತ್ತು ಅವಳನ್ನು ಗಂಗೂಬಾಯಿ ಹಾನಗಲ್ ಎಂದು ಕರೆಯಿತು.

ಆ ದಿನದ ಬಗ್ಗೆ ಗಂಗೂಬಾಯಿಯವರು ವಯಸ್ಸಾದ ಮೇಲೆ ಹಲವು ಸಲ ಮಾತನಾಡಿದ್ದಾರೆ. ಗಾಂಧೀಜಿಯ ಮುಂದೆ ಹಾಡುತ್ತಿದ್ದೇನೆಂಬ ಹಿಗ್ಗಿನ ಜೊತೆಗೇ ಇನ್ನೊಂದು ಸಂಗತಿ ಅವರ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿತ್ತು. ಊಟವಾದ ಮೇಲೆ ಎಂಜಲು ಬಳಿಯಲು ತನಗೆ ಹೇಳಿಯಾರು ಎಂಬ ಅಂಜಿಕೆ ಅದು. ಹಾಡಲು ಕರೆದವರೇ ನೆಲ ಒರೆಸಲೂ ಕರೆಯಬಹುದೆಂದು ಹನ್ನೊಂದರ ಹುಡುಗಿಗೆ ಯಾರೂ ಬಾಯಿಬಿಟ್ಟು ಕಲಿಸಬೇಕಾಗಿರಲಿಲ್ಲ. ಅವಳು ಬೆಳೆದ ಓಣಿ ಅದನ್ನು ಕಲಿಸಿತ್ತು.

ಆ ಅಧಿವೇಶನದಲ್ಲಿ ಗಾಂಧೀಜಿ ಎತ್ತಿ ಹೇಳಿದ ಮುಖ್ಯ ವಿಷಯಗಳಲ್ಲಿ ಅಸ್ಪೃಶ್ಯತೆಯ ನಿವಾರಣೆಯೂ ಒಂದು. ಕಾಕಾ ಕಾಲೇಲ್ಕರರ ಉಸ್ತುವಾರಿಯಲ್ಲಿ ನೈರ್ಮಲ್ಯದ ಕೆಲಸಕ್ಕೆ ನಿಂತ ಸ್ವಯಂಸೇವಕರಲ್ಲಿ ಬಹಳಷ್ಟು ಜನ ಬ್ರಾಹ್ಮಣ ಯುವಕರು. ಗಾಂಧೀಜಿ ಅದನ್ನು ಮನಸಾರೆ ಮೆಚ್ಚಿದರು. ಆ ಯುವಕರು ಕಸ ಬಳಿಯುವುದನ್ನು ತಾವಾಗಿ ಆರಿಸಿಕೊಂಡಿದ್ದರು, ಕೆಲವು ದಿನ ಬಳಿದು ಗೌರವದೊಂದಿಗೆ ಮನೆಗೆ ಮರಳಿದರು. ಹಾಡಲು ಬಂದ ಹುಡುಗಿಯ ಪಾಲಿಗೆ ಅದೇ ಕೆಲಸ ಹುಟ್ಟಿನಿಂದ ಬೆನ್ನು ಹತ್ತಿದ್ದು, ಹಾಡಿದರೂ ಬಿಡದ್ದು. ಒಂದೇ ಡೇರೆಯ ಕೆಳಗೆ ಈ ಎರಡೂ ಇದ್ದವು. ಮುಂದಿನ ನೂರು ವರ್ಷ ಧಾರವಾಡ-ಹುಬ್ಬಳ್ಳಿಯ ಸೀಮೆಯಲ್ಲಿ ರಾಜಕೀಯ ಹೋರಾಟಗಳಿಗೂ ಕಲಾವಿದೆಯರಿಗೂ ಇದ್ದ ನಂಟನ್ನು ನೋಡುವಾಗ ಈ ಅಂತರವನ್ನು ಮರೆಯುವಂತಿಲ್ಲ. ಚಳವಳಿಗಳು ಅವರ ದನಿಯನ್ನು ಮತ್ತೆ ಮತ್ತೆ ಕರೆದವು. ದನಿಯ ಒಡತಿಗೆ ಪಂಕ್ತಿಯಲ್ಲಿ ಎಲೆ ಹಾಕುವ ಮಾತು ಮಾತ್ರ ಪ್ರತಿ ಸಲವೂ ಮುಂದಕ್ಕೆ ಹೋಯಿತು.

ಅಂದು ಗಂಗೂ ಹಾಡಿದ್ದು ಯಾವ ಹಾಡು ಎಂಬುದರಲ್ಲಿ ಒಮ್ಮತವಿಲ್ಲ. ಗದುಗಿನ ವಕೀಲ ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಆ ಅಧಿವೇಶನದಲ್ಲೇ ಮೊದಲು ಕೇಳಿಬಂದಿತೆಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ. ಅದನ್ನು ಕವಿಯೇ ಹಾಡಿದರೆಂದು ಕೆಲವರು ಬರೆದರೆ, ಗಂಗೂಬಾಯಿ ಹಾಡಿದರೆಂದು ಇನ್ನು ಕೆಲವರು ಬರೆಯುತ್ತಾರೆ. ಅವರು ಹಾಡಿದ ಸ್ವಾಗತಗೀತೆಯೇ ಬೇರೆ ಎಂಬ ಮಾತೂ ಇದೆ. ಯಾವುದೇ ಇರಲಿ, ಅದೇ ಡೇರೆಗಳ ಊರಿನಲ್ಲಿ, ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣದ ಮೊದಲ ಪರಿಷತ್ತೂ ನಡೆಯಿತು. ದೇಶದ ಬಿಡುಗಡೆ ಮತ್ತು ಹರಿದು ಹಂಚಿಹೋದ ನಾಡಿನ ಒಗ್ಗೂಡುವಿಕೆ ಎರಡೂ ಆ ಚಳಿಗಾಲದಲ್ಲಿ ಜೊತೆಗೂಡಿದವು. ಎರಡಕ್ಕೂ ಹಾಡು ಬೇಕಿತ್ತು.

ಗಂಗೂ ಬೆಳೆದದ್ದು ಧಾರವಾಡದ ಶುಕ್ರವಾರಪೇಟೆಯಲ್ಲಿ, ಸುತ್ತೆಲ್ಲ ಬ್ರಾಹ್ಮಣರ ಮನೆಗಳ ನಡುವೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ, ಅಜ್ಜಿ ಕಮಲಾಬಾಯಿಯೂ ಹಾಡುವವರು. ಮೈಸೂರಿನ ದರಬಾರಿಗೆ ಹೋಗಿಬರುವ ಹಿಂದೂಸ್ತಾನಿ ಉಸ್ತಾದರು ಧಾರವಾಡದಲ್ಲಿ ಇಳಿದುಕೊಳ್ಳುತ್ತಿದ್ದ ಕಾಲವದು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರಂಥವರು ಅಂಬಾಬಾಯಿಯ ಮನೆಗೆ ಬಂದು ಅವರ ಗಾಯನ ಕೇಳುತ್ತಿದ್ದರು. ಉಸ್ತಾದರು ಹುಡುಕಿಕೊಂಡು ಬರುತ್ತಿದ್ದ ಆ ಮನೆಯ ಹುಡುಗಿ ಬೀದಿಗಿಳಿದರೆ ‘ಗಾನೆವಾಲಿ’ ಎಂಬ ಕೂಗು ಬೆನ್ನಿಗೆ ಬೀಳುತ್ತಿತ್ತು. ನೆರೆಯವರ ಹಿತ್ತಲಿಗೆ ಹೊಕ್ಕು ಮಾವಿನಕಾಯಿ ಕಿತ್ತಾಗ ಆ ಮನೆಯವರನ್ನು ಕೆರಳಿಸಿದ್ದು ಕಾಯಿ ಹೋದದ್ದಲ್ಲ, ಹಾಡುವವಳ ಮಗಳು ತಮ್ಮ ಹಿತ್ತಲು ಮೆಟ್ಟಿದ್ದು. ಅದೇ ಜನ ಎಷ್ಟೋ ವರ್ಷಗಳ ಮೇಲೆ ತಮ್ಮನ್ನು ಮನೆಗೆ ಕರೆದು ಊಟಕ್ಕೆ ಕೂರಿಸಿದ್ದನ್ನು ಗಂಗೂಬಾಯಿಯವರು ಕಹಿಯಿಲ್ಲದೆ ಹೇಳುತ್ತಿದ್ದರು. ಕೇಳುವವರಿಗೆ ಅಷ್ಟು ಸಲೀಸಾಗಿ ಆ ಕಹಿ ಇಳಿಯುವುದಿಲ್ಲ.

ಪಾತರದವರು, ನಾಯಕಸಾನಿಯರು, ಗಾಯಕಿಯರು ಎಂದು ಹಲವು ಹೆಸರಿನಿಂದ ಕರೆಸಿಕೊಂಡ ಈ ಮನೆತನಗಳ ಹೆಣ್ಣುಮಕ್ಕಳು ಉತ್ತರ ಕರ್ನಾಟಕದ ಸಂಗೀತ, ನಾಟಕ, ಕುಣಿತಗಳ ಬಹುಪಾಲನ್ನು ಹೊತ್ತಿದ್ದರು. ಗ್ರಾಮಫೋನ್ ಬಂದಾಗ ಅದಕ್ಕೆ ಹಾಡಲು ಧೈರ್ಯ ಮಾಡಿದವರೂ, ಸ್ತ್ರೀಪಾತ್ರಕ್ಕೆ ಗಂಡಸರೇ ಗತಿ ಎಂದುಕೊಂಡಿದ್ದ ಕಂಪನಿ ನಾಟಕಗಳಿಗೆ ಕಾಲಿಟ್ಟವರೂ ಹೆಚ್ಚಾಗಿ ಇವರೇ. ಸಂಪ್ರದಾಯಸ್ಥ ಮನೆಗಳ ಹೆಣ್ಣುಮಕ್ಕಳು ಬಹಿರಂಗ ವೇದಿಕೆ ಹತ್ತಲು ಇನ್ನೂ ಹತ್ತಾರು ವರ್ಷ ಬೇಕಿತ್ತು.

ಆದರೆ ಬೆಳಗಾವಿಯಲ್ಲಿ ಆ ಮನೆಗಳ ಹೆಣ್ಣುಮಕ್ಕಳೂ ಹೊಸ್ತಿಲು ದಾಟಿದರು. ದಾಟಿಸಿದವರಲ್ಲಿ ಮುಖ್ಯರು ಉಮಾಬಾಯಿ ಕುಂದಾಪುರ. 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅವರು 1923ರಲ್ಲಿ ಪತಿ ಸಂಜೀವರಾಯರನ್ನು ಕಳೆದುಕೊಂಡು, ಮಾವ ಆನಂದರಾಯರ ಜೊತೆ ಹುಬ್ಬಳ್ಳಿಗೆ ಬಂದರು. ಆ ಕಾಲದ ಎಳೆಯ ವಿಧವೆಗೆ ಮನೆಯ ಹಿಂಬದಿಯ ಕೋಣೆಯೇ ಲೋಕ. ಉಮಾಬಾಯಿ ಅದನ್ನು ಒಪ್ಪಲಿಲ್ಲ, ಅವರ ಮಾವನೂ ಒಪ್ಪಿಸಲು ಹೋಗಲಿಲ್ಲ. ಹುಬ್ಬಳ್ಳಿಯಲ್ಲಿ ಡಾ. ನಾ. ಸು. ಹರ್ಡೀಕರರು ಹಿಂದೂಸ್ತಾನಿ ಸೇವಾದಳವನ್ನು ಕಟ್ಟುತ್ತಿದ್ದರು. ಅದರ ಮಹಿಳಾ ವಿಭಾಗದ ಜವಾಬ್ದಾರಿ, ತಿಲಕ ಕನ್ಯಾಶಾಲೆ, ಭಗಿನಿ ಮಂಡಲ ಮೂರೂ ಉಮಾಬಾಯಿಯವರ ಹೆಗಲಿಗೆ ಬಂದವು. ಬೆಳಗಾವಿ ಅಧಿವೇಶನಕ್ಕಾಗಿ ಅವರು ಹರ್ಡೀಕರರೊಂದಿಗೆ ಊರೂರು ತಿರುಗಿ 150ಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರಾಗಿ ಕರೆತಂದರು. ಅವರಲ್ಲಿ ವಿಧವೆಯರೂ ಇದ್ದರು. ಮಂಗಳಕಾರ್ಯಕ್ಕೆ ಎದುರು ಬರಬಾರದೆಂದು ಬದಿಗೆ ಸರಿಸಿದ್ದ ಹೆಂಗಸರು ಇಲ್ಲಿ ಶಿಸ್ತಾಗಿ ಸಾಲುಗಟ್ಟಿ ದೇಶದ ಅತಿಥಿಗಳನ್ನು ನೋಡಿಕೊಂಡರು. ಕರ್ನಾಟಕದ ಸಾಮಾಜಿಕ ಚರಿತ್ರೆಯಲ್ಲಿ ಇದು ದೊಡ್ಡ ತಿರುವು. ಇದಕ್ಕೆ ಸಲ್ಲಬೇಕಾದ ಪುಟಗಳು ಇನ್ನೂ ಸಂದಿಲ್ಲ.

ಆ ದಿನಗಳಲ್ಲಿ ಒಂದೇ ಬಯಲಿನಲ್ಲಿ ಎರಡು ಬಗೆಯ ಹೆಂಗಸರಿದ್ದರು. ಒಬ್ಬರನ್ನು ಸಮಾಜ ಅಮಂಗಳೆ ಎಂದಿತ್ತು, ಇನ್ನೊಬ್ಬರನ್ನು ಕುಲಹೀನೆ ಎಂದಿತ್ತು. ಚಳವಳಿ ಮೊದಲನೆಯವರಿಗೆ ‘ಭಗಿನಿ’ ಎಂಬ ಹೊಸ ಸ್ಥಾನ ಕೊಟ್ಟಿತು. ಹಾಡುವ ಕುಲದವರಿಗೆ ಅಂಥ ಸ್ಥಾನ ಒದಗಲಿಲ್ಲ. ಸೇವಾದಳದಲ್ಲಿ ಹರ್ಡೀಕರರೊಂದಿಗೆ ದುಡಿದ ಕಮಲಾದೇವಿ ಚಟ್ಟೋಪಾಧ್ಯಾಯರು ರಂಗಭೂಮಿಯನ್ನು ಬಿಡದೆಯೇ ರಾಜಕಾರಣಿಯಾದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬಯಿಯ ಬೀದಿಗಿಳಿದ ಅವರೇ 1931ರ ‘ವಸಂತಸೇನಾ’ ಮೂಕಿಚಿತ್ರದಲ್ಲೂ ನಟಿಸಿದರು. ಅದಕ್ಕೆ ಬೇಕಾದ ಎದೆಗಾರಿಕೆ ಅವರಲ್ಲಿ ನಿಜಕ್ಕೂ ಇತ್ತು. ಆದರೆ ಅವರ ಬೆನ್ನಿಗೊಂದು ಸಾರಸ್ವತ ಮನೆತನವಿತ್ತು. ಶುಕ್ರವಾರಪೇಟೆಯ ಹುಡುಗಿಯ ಬೆನ್ನಿಗೆ ಇದ್ದದ್ದು ತಾಯಿಯ ತಂಬೂರಿ ಮಾತ್ರ.

1928ರಲ್ಲಿ ಅಂಬಾಬಾಯಿ ಮಗಳಿಗೆ ಹಿಂದೂಸ್ತಾನಿ ಸಂಗೀತ ಕಲಿಸಲೆಂದೇ ಹುಬ್ಬಳ್ಳಿಗೆ ಮನೆ ಬದಲಿಸಿದರು. ಮಗಳ ಮೇಲೆ ತನ್ನ ಶೈಲಿಯ ನೆರಳು ಬೀಳಬಾರದೆಂದು ತಾವು ಹಾಡುವುದನ್ನೇ ಬಿಟ್ಟರೆನ್ನುತ್ತಾರೆ. ಕೃಷ್ಣಾಚಾರ್ಯ ಹುಲಗೂರ, ದತ್ತೋಪಂತ ದೇಸಾಯಿಯವರಲ್ಲಿ ಪಾಠವಾಯಿತು. 1932ರಲ್ಲಿ ತಾಯಿ ತೀರಿಕೊಂಡರು. ವಕೀಲ ಗುರುರಾವ್ ಕೌಲಗಿಯವರೊಂದಿಗಿನ ಸಂಸಾರ, ಮಕ್ಕಳು, ಹಣದ ಮುಗ್ಗಟ್ಟು ಇವುಗಳ ನಡುವೆಯೇ ಮುಂಬಯಿಯ ಕಚೇರಿಗಳೂ ರೆಕಾರ್ಡುಗಳೂ ಬಂದವು. ಮೊದಮೊದಲ ರೆಕಾರ್ಡುಗಳ ಮೇಲೆ ಅವರ ಹೆಸರು ಗಾಂಧಾರಿ ಹಾನಗಲ್ ಎಂದಿತ್ತು. 1937ರ ಹೊತ್ತಿಗೆ ಸವಾಯಿ ಗಂಧರ್ವರು ಕುಂದಗೋಳಕ್ಕೆ ಮರಳಿ ನೆಲೆಸಿದಾಗ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಕಲಿತು, ರಾತ್ರಿ ರೈಲಿನಲ್ಲಿ ಮರಳತೊಡಗಿದರು. ಪಾಠ ಮುಗಿದ ಮೇಲೆ ಅವರನ್ನು ಸ್ಟೇಷನ್ನಿನವರೆಗೆ ಬಿಟ್ಟುಬರುತ್ತಿದ್ದ ಹುಡುಗ ಭೀಮಸೇನ ಜೋಶಿ.

ಈ ಗುರುವಿನ ಬದುಕು ನಮ್ಮ ಕಥೆಗೆ ಮುಖ್ಯ. ಕುಂದಗೋಳದ ರಾಮಭಾವು ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಪಾತ್ರ ಹಾಕಿ ಹೆಸರಾದವರು. ಸ್ತ್ರೀಪಾತ್ರಗಳ ಚಕ್ರವರ್ತಿಯಾಗಿದ್ದ ಬಾಲ ಗಂಧರ್ವರಿಗೆ ಹೋಲಿಸಿಯೇ ಅವರಿಗೆ ‘ಸವಾಯಿ ಗಂಧರ್ವ’ ಎಂಬ ಬಿರುದು ಸಿಕ್ಕಿತು. ಗಂಡಸೊಬ್ಬ ಸೀರೆ ಉಟ್ಟು, ಮುಡಿ ತುಂಬ ಹೂ ಮುಡಿದು ರಂಗಕ್ಕೆ ಬಂದರೆ ಊರಿನ ಮಾನ್ಯರು ಮುಂದಿನ ಸಾಲಿನಲ್ಲಿ ಕುಳಿತು ನೋಡುತ್ತಿದ್ದರು. ಪರದೆ ಬಿದ್ದ ಮೇಲೆ ಆತ ತನ್ನ ಕುಲಕ್ಕೂ ಮನೆಗೂ ಹಿಂದಿರುಗುತ್ತಿದ್ದ. ಅದೇ ಸೀಮೆಯಲ್ಲಿ, ಧಾರವಾಡದಿಂದ ಸುಮಾರು 40 ಕಿಲೋಮೀಟರ್ ದೂರದ ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ, ಗಂಡಾಗಿ ಹುಟ್ಟಿ ಯಲ್ಲಮ್ಮ ಮೈಮೇಲೆ ಬಂದಳೆಂದು ದೇವಿಗೆ ಅರ್ಪಿತರಾದ ಗುರುತಿನ ಮುತ್ತು ಕಟ್ಟಿಸಿಕೊಂಡು, ಸೀರೆಯಲ್ಲೇ ಬಾಳುವ ಜೋಗಪ್ಪಂದಿರಿದ್ದರು. ಚೌಡಕಿ, ಶ್ರುತಿ, ತಾಳಗಳೊಂದಿಗೆ ರೇಣುಕೆ, ಜಮದಗ್ನಿ, ಪರಶುರಾಮರ ಕಥೆಯನ್ನು ರಾತ್ರಿಯಿಡೀ ಹಾಡಬಲ್ಲವರು. ತಲೆಯ ಮೇಲೆ ಕೊಡ ಹೊತ್ತು, ಕೈ ಬಿಟ್ಟು ಕುಣಿಯಬಲ್ಲವರು. ಇವರ ಸೀರೆ ಪರದೆ ಬಿದ್ದಾಗ ಕಳಚುವಂಥದ್ದಲ್ಲ. ನಾಟ್ಯಗೃಹದ ಚಪ್ಪಾಳೆ, ಬಿರುದು, ಪದಕ ಯಾವುವೂ ಈ ಕಡೆ ಬರಲಿಲ್ಲ. ಮಂಗಳವಾರ, ಶುಕ್ರವಾರ ಮನೆಬಾಗಿಲಿಗೆ ಬಂದಾಗ ಕೈಮುಗಿದು ಜೋಗ ನೀಡುವುದೂ ಇತ್ತು, ಬೆನ್ನು ತಿರುಗಿಸಿದ ಮೇಲೆ ಆಡಿಕೊಳ್ಳುವುದೂ ಇತ್ತು. ಸ್ತ್ರೀಪಾತ್ರದ ನಟ, ಹಾಡುವ ಕುಲದ ಹೆಣ್ಣು, ಜೋಗಪ್ಪ ಈ ಮೂವರನ್ನು ಪಕ್ಕದಲ್ಲಿಟ್ಟು ನೋಡಿದರೆ ಮನ್ನಣೆ ಎಲ್ಲಿಂದ ಬರುತ್ತಿತ್ತೆಂಬುದು ತಿಳಿಯುತ್ತದೆ. ಕಲೆ ಮೂವರಲ್ಲೂ ಇತ್ತು, ಮನ್ನಣೆಯ ತೀರ್ಮಾನ ಹುಟ್ಟಿದ ಮನೆಯಲ್ಲಿ ಆಗುತ್ತಿತ್ತು.

ಗಂಗೂಬಾಯಿಯವರ ದನಿಯೂ ಈ ಗಡಿಗಳನ್ನು ಅಲುಗಾಡಿಸಿತು. ಗಂಟಲಿನ ತೊಂದರೆ ಮತ್ತು ಅದರ ಚಿಕಿತ್ಸೆಯ ಬಳಿಕ ಅವರ ಎಳೆಯ, ತೆಳುವಾದ ಕಂಠ ಗಡುಸಾಯಿತು. ಬೇರೆ ಯಾರಾದರೂ ತಂಬೂರಿ ಮೂಲೆಗಿಡುತ್ತಿದ್ದರೇನೋ. ಅವರು ಆ ಗಡುಸು ದನಿಯಲ್ಲೇ ವಿಲಂಬಿತವನ್ನು ನಿಧಾನವಾಗಿ, ಸ್ವರದಿಂದ ಸ್ವರಕ್ಕೆ, ಬೆಳೆಸುವ ದಾರಿ ಕಂಡುಕೊಂಡರು. ಮುಖ ಕಾಣದೆ ಕೇಳಿದವರು ಇದು ಗಂಡಸಿನ ದನಿಯೇ ಎಂದು ಬೆರಗಾಗುತ್ತಿದ್ದರು. ಹೆಣ್ಣು ದನಿ ಎಂದರೆ ಹೇಗಿರಬೇಕೆಂಬ ಕೇಳುಗರ ಕಲ್ಪನೆಯನ್ನು ಹಿಗ್ಗಿಸಿದ್ದು ಹುಬ್ಬಳ್ಳಿಯ ಈ ಕಂಠ.

ಅತ್ತ ಚಳವಳಿ ಕಾವೇರುತ್ತಿತ್ತು. 1932ರಲ್ಲಿ ಉಮಾಬಾಯಿಯವರನ್ನು ಬಂಧಿಸಿ ನಾಲ್ಕು ತಿಂಗಳು ಯರವಡಾ ಜೈಲಿನಲ್ಲಿ ಇಟ್ಟರು. ಅವರು ಬಿಡುಗಡೆಯಾಗಿ ಬರುವಷ್ಟರಲ್ಲಿ ಸರಕಾರ ಅವರ ಮಾವನ ಕರ್ನಾಟಕ ಮುದ್ರಣಾಲಯವನ್ನು ವಶಪಡಿಸಿಕೊಂಡು, ಕನ್ಯಾಶಾಲೆಗೆ ಬೀಗ ಜಡಿದು, ಭಗಿನಿ ಮಂಡಲವನ್ನು ಕಾನೂನುಬಾಹಿರವೆಂದು ಸಾರಿತ್ತು. ಜೈಲಿಗೆ ಹೋಗಿ ಬಂದ ಸೊಸೆಯರನ್ನು, ಹೆಣ್ಣುಮಕ್ಕಳನ್ನು ಮನೆಯವರು ಒಳಗೆ ಸೇರಿಸದ ಸಂದರ್ಭಗಳಿದ್ದವು. ಅಂಥವರಿಗೆ ಹುಬ್ಬಳ್ಳಿಯ ಉಮಾಬಾಯಿಯವರ ಪುಟ್ಟ ಮನೆಯೇ ಆಸರೆಯಾಯಿತು. ದೇಶಕ್ಕಾಗಿ ಜೈಲು ಸೇರಿದ ಹೆಣ್ಣಿಗೂ ಮನೆಯ ಬಾಗಿಲು ತೆರೆಯದ ಸಮಾಜ, ದೇಶಕ್ಕಾಗಿ ಹಾಡಿದ ಹೆಣ್ಣಿಗೆ ಹೇಗೆ ತೆರೆದೀತು?

1934ರಲ್ಲಿ ಧಾರವಾಡವೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ದೇವದಾಸಿ ರಕ್ಷಣಾ ಕಾಯ್ದೆ ಬಂದಿತು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದು ಅಪರಾಧವಾಯಿತು, ಬಿಟ್ಟ ಹೆಣ್ಣುಮಕ್ಕಳ ಮದುವೆ ಕಾನೂನಿನ ಕಣ್ಣಿನಲ್ಲಿ ಸಿಂಧುವಾಯಿತು. ಇದರ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಜಗ್ಗಾಟವಿದೆ. ಎಳೆಯ ಹುಡುಗಿಯರನ್ನು ಶೋಷಣೆಯಿಂದ ಬಿಡಿಸಿದ ಸುಧಾರಣೆ ಇದೆಂಬುದು ಒಂದು ವಾದ. ಆ ಹೆಂಗಸರಿಗಿದ್ದ ಆಸ್ತಿ, ಕಲೆ, ವಿಧಿಯ ಹಕ್ಕುಗಳನ್ನು ಕಿತ್ತುಕೊಂಡು ಬದಲಿಗೆ ಕಳಂಕವನ್ನಷ್ಟೇ ಉಳಿಸಿತೆಂಬುದು ಎದುರುವಾದ. ಉತ್ತರ ಕರ್ನಾಟಕದಲ್ಲಿ ಯಲ್ಲಮ್ಮನಿಗೆ ಬಿಟ್ಟ ಜೋಗತಿಯರ ನಡುವೆ ಇದ್ದು ಅಧ್ಯಯನ ಮಾಡಿದ ಲುಸಿಂಡಾ ರ‍್ಯಾಂಬರ್ಗ್ 2014ರಲ್ಲಿ ಪ್ರಕಟಿಸಿದ ಪುಸ್ತಕ ಎರಡನೆಯ ದಿಕ್ಕಿಗೆ ವಾಲುತ್ತದೆ. ಎರಡರಲ್ಲೂ ಸತ್ಯವಿದೆ. ಮುತ್ತು ಕಟ್ಟುವ ಪದ್ಧತಿ ಬಡ ದಲಿತ ಮನೆಗಳ ಹುಡುಗಿಯರ ಮೇಲೆ ನಡೆಸಿದ ಕ್ರೌರ್ಯವನ್ನು ಕಲೆಯ ಹೆಸರಿನಲ್ಲಿ ಮುಚ್ಚಲಾಗದು. ಪದ್ಧತಿಯನ್ನು ಅಳಿಸಹೊರಟವರು ಹಾಡನ್ನೂ ಹಾಡುವವರನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಿದ್ದೂ ಅಷ್ಟೇ ನಿಜ.

1943ರ ಜನವರಿಯಲ್ಲಿ ‘ಕಿಸ್ಮತ್’ ಎಂಬ ಹಿಂದಿ ಚಿತ್ರ ತೆರೆಗೆ ಬಂತು. ಕ್ವಿಟ್ ಇಂಡಿಯಾ ಚಳವಳಿ ಆರಂಭವಾಗಿ ಐದೇ ತಿಂಗಳು, ನಾಯಕರೆಲ್ಲ ಜೈಲಿನಲ್ಲಿ. ಹಿಂದೂಸ್ತಾನ ನಮ್ಮದು, ಪರಕೀಯರೇ ದೂರ ಸರಿಯಿರಿ ಎಂಬ ಅರ್ಥದ ಕವಿ ಪ್ರದೀಪರ ಹಾಡು ಆ ಚಿತ್ರದಲ್ಲಿತ್ತು. ಸಾಲುಗಳ ನಡುವೆ ಜರ್ಮನರ, ಜಪಾನೀಯರ ಹೆಸರಿದ್ದುದರಿಂದ ಸೆನ್ಸಾರಿನವರ ಕಣ್ಣು ತಪ್ಪಿಸಿತು. ಕೇಳಿದ ಜನಕ್ಕೆ ಮಾತ್ರ ಪರಕೀಯ ಯಾರೆಂಬುದರಲ್ಲಿ ಅನುಮಾನವಿರಲಿಲ್ಲ. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಓಡಿತು. ಖಾನ್ ಮಸ್ತಾನರೊಂದಿಗೆ ಆ ಹಾಡು ಹಾಡಿದ ಹೆಣ್ಣು ದನಿ, ಆಗಿನ ವಿಜಾಪುರ ಜಿಲ್ಲೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರದು.

ಅಮೀರಬಾಯಿ, ಅವರ ಅಕ್ಕ ಗೋಹರಬಾಯಿ ಇಬ್ಬರೂ ಉತ್ತರ ಕರ್ನಾಟಕದ ನಾಟಕ-ಸಂಗೀತದ ಲೋಕದಲ್ಲಿ ಬೆಳೆದು ಮುಂಬಯಿ ಸೇರಿದವರು. ಗೋಹರಬಾಯಿ ಬಾಲ ಗಂಧರ್ವರ ಕಂಪನಿ ಸೇರಿದಾಗ ಮರಾಠಿ ರಂಗಪ್ರಿಯರ ಒಂದು ವಲಯ ಅವರನ್ನು ಕ್ಷಮಿಸಲೇ ಇಲ್ಲ. ಮಹಾನಟನ ಪತನಕ್ಕೆಲ್ಲ ಈ ಮುಸ್ಲಿಂ ನಟಿಯೇ ಕಾರಣವೆಂದು ಹಳಿಯಿತು. ತಂಗಿ ಅಮೀರಬಾಯಿ 1940ರ ‘ನರಸೀ ಭಗತ್’ ಚಿತ್ರದಲ್ಲಿ ಹಾಡಿದ ‘ವೈಷ್ಣವ ಜನ ತೋ’ ಮನೆಮನೆಗೆ ತಲುಪಿತು, ಗಾಂಧೀಜಿಗೂ ಮೆಚ್ಚುಗೆಯಾಗಿತ್ತೆಂದು ಹೇಳುತ್ತಾರೆ. ವೈಷ್ಣವ ಭಜನೆಗೂ, ಬ್ರಿಟಿಷರನ್ನು ಹೊರಗಟ್ಟುವ ಹಾಡಿಗೂ ದನಿಯಾದದ್ದು ಬೀಳಗಿಯ ಒಂದೇ ಕಂಠ. ದೇಶ ಎರಡಾದಾಗ ಅವರ ಗಂಡನಾಗಿದ್ದ ನಟ ಪಾಕಿಸ್ತಾನ ಸೇರಿದ. ಅಮೀರಬಾಯಿ ಇಲ್ಲೇ ಉಳಿದು 1965ರಲ್ಲಿ ತೀರಿಕೊಂಡರು. ರಹಮತ್ ತರೀಕೆರೆಯವರು ಕನ್ನಡದಲ್ಲಿ ಅವರ ಜೀವನಚರಿತ್ರೆ ಬರೆಯುವವರೆಗೆ ನಮ್ಮ ಸ್ವಾತಂತ್ರ್ಯ ಚರಿತ್ರೆಗಳು ಅವರ ಕಡೆಗೆ ಹೊರಳಿ ನೋಡಿದ್ದು ತೀರ ಕಡಿಮೆ.

ಸ್ವರಾಜ್ಯ ಹೊಸ್ತಿಲಿಗೆ ಬಂದಾಗ ಈ ಕಲಾವಿದೆಯರಿಗೆ ಬಿದ್ದ ಪೆಟ್ಟು ಎಲ್ಲಕ್ಕಿಂತ ಕಠಿಣವಾದದ್ದು. 1946ರ ಮಧ್ಯಂತರ ಸರಕಾರದಲ್ಲಿ ಪ್ರಸಾರ ಖಾತೆ ಸರ್ದಾರ್ ಪಟೇಲರ ಕೈಯಲ್ಲಿತ್ತು. ಖಾಸಗಿ ಬದುಕು ಸಾರ್ವಜನಿಕ ಅಪವಾದಕ್ಕೆ ಗುರಿಯಾದವರಿಗೆ ಆಕಾಶವಾಣಿಯಲ್ಲಿ ಅವಕಾಶ ಬೇಡವೆಂಬ ಆದೇಶ ಆಗ ಹೊರಟಿತು. ಬರಹದಲ್ಲಿ ಯಾವ ಕುಲದ ಹೆಸರೂ ಇರಲಿಲ್ಲ. ಅದು ಯಾರ ಮನೆಯ ಬಾಗಿಲಿಗೆ ಬಂದು ನಿಂತಿತೆಂಬುದು ಎಲ್ಲರಿಗೂ ತಿಳಿದಿತ್ತು. ರಾಜರು, ಜಮೀನ್ದಾರರು ಮರೆಯಾಗುತ್ತಿದ್ದ ಕಾಲದಲ್ಲಿ ರೇಡಿಯೋವೇ ಸಂಗೀತಗಾರರ ಮುಖ್ಯ ಆಶ್ರಯವಾಗುತ್ತಿತ್ತು. ಅದೇ ಹೊತ್ತಿಗೆ ಬಾಗಿಲು ಹಾಕಿದ್ದರಿಂದ ದೇಶದುದ್ದಕ್ಕೂ ಎಷ್ಟೋ ಗಾಯಕಿಯರು ಹಾಡು ಬಿಟ್ಟರು. ಇನ್ನೆಷ್ಟೋ ಜನ ಮದುವೆಯ ಮರೆಯನ್ನು, ಹೊಸ ಹೆಸರನ್ನು ಹುಡುಕಿಕೊಂಡರು. ಸಂಗೀತವನ್ನು ‘ಶುದ್ಧ’ಗೊಳಿಸುವ ಹುರುಪು ಸಂಗೀತವನ್ನು ಉಳಿಸಿಕೊಂಡು ಬಂದವರನ್ನೇ ಕೊಳೆಯೆಂದು ಬಗೆಯಿತು. ಇದು ಆ ಕಾಲದ ನೈತಿಕತೆ ಎಂದು ಹೇಳಿ ಮುಂದೆ ಸಾಗುವುದು ನ್ಯಾಯವಲ್ಲ, ಏಕೆಂದರೆ ಇದೇ ದನಿಗಳನ್ನು ಚಳವಳಿ ತನ್ನ ಅಗತ್ಯಕ್ಕೆ ಬಳಸಿಕೊಂಡಿತ್ತು.

ಗಂಗೂಬಾಯಿಯವರು ಈ ಬಿರುಗಾಳಿಯನ್ನು ದಾಟಿದರು. 1950ರಲ್ಲಿ ಧಾರವಾಡದಲ್ಲೇ ಆಕಾಶವಾಣಿ ನಿಲಯ ಶುರುವಾದಾಗ ಈ ನೆಲದ ಸಂಗೀತಕ್ಕೆ ಮನೆಯಂಗಳದಲ್ಲೇ ಒಂದು ಚಾವಡಿ ಸಿಕ್ಕಂತಾಯಿತು. ಗಂಡಸು ಹಾಡಿದರೆ ಮುಸ್ಲಿಮನಾದರೆ ಉಸ್ತಾದ, ಹಿಂದುವಾದರೆ ಪಂಡಿತ ಆಗುತ್ತಾನೆ, ಕೇಸರಬಾಯಿ, ಮೋಗೂಬಾಯಿಯಂಥ ದೊಡ್ಡ ಗಾಯಕಿಯರು ಮಾತ್ರ ಕೊನೆಯವರೆಗೂ ಬಾಯಿಗಳಾಗಿಯೇ ಉಳಿಯುತ್ತಾರೆ ಎಂದು ಅವರು ಮುಂದೊಮ್ಮೆ ಹೇಳಿದರು. ತಮ್ಮ ಹೆಸರಿನಿಂದ ಆ ಬಾಯಿಯನ್ನು ಅವರು ತೆಗೆಯಲಿಲ್ಲ.

ಏಕೀಕರಣದ ಕೊನೆಯ ಘಟ್ಟಕ್ಕೆ ಹುಬ್ಬಳ್ಳಿಯೇ ಕಣವಾಯಿತು. 1953ರ ಮಾರ್ಚ್ ಕೊನೆಯಲ್ಲಿ ಪಕ್ಕದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸಕ್ಕೆ ಕುಳಿತರು. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಪ್ರದೇಶ ಕಾಂಗ್ರೆಸ್ ಸಭೆ ಸೇರಿದಾಗ ಸಹನೆ ಕಳೆದುಕೊಂಡ ಜನ ಬೀದಿಗಿಳಿದರು, ಗಲಭೆಯಾಯಿತು. ದಿಲ್ಲಿ ಕಿವಿಗೊಡಲೇಬೇಕಾದ ಸ್ಥಿತಿ ಬಂತು. ಈ ಹೋರಾಟದಲ್ಲಿ ಗಡಿಯಾಚೆಯಿಂದ ಕೇಳಿಬಂದ ಹೆಣ್ಣಿನ ದನಿ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರದು. 1912ರಲ್ಲಿ ಹುಟ್ಟಿ, ಮರಾಠಿಯಲ್ಲಿ ಓದಿ, ಕನ್ನಡವನ್ನು ತಾವೇ ಕಲಿತವರು. ಅಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದರು, 1950ರ ಸೊಲ್ಲಾಪುರ ಸಾಹಿತ್ಯ ಸಮ್ಮೇಳನಕ್ಕೆ ಹೆಗಲು ಕೊಟ್ಟರು. ಜನಪದ ಹೆಣ್ಣುಮಕ್ಕಳ ಬಾಯಲ್ಲಿ ಬಾಳಿದ ತ್ರಿಪದಿಯನ್ನೇ ಹಿಡಿದು ಸಿದ್ಧರಾಮನ ಪುರಾಣ ಬರೆದರು. 1956ರ ನವೆಂಬರ್ 1ರಂದು ನಾಡು ಒಂದಾದಾಗ ಅವರ ಸೊಲ್ಲಾಪುರ ಆಚೆಗೇ ಉಳಿಯಿತು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಸಮ್ಮೇಳನಗಳ ಆರು ದಶಕಗಳ ಚರಿತ್ರೆಯಲ್ಲಿ ಆ ಪೀಠದಲ್ಲಿ ಕುಳಿತ ಮೊದಲ ಮಹಿಳೆ ಅವರು.

ಮನ್ನಣೆ ತಡವಾಗಿಯಾದರೂ ಬಂದಿತು. ಗಂಗೂಬಾಯಿಯವರಿಗೆ 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಸಂದವು. 2008ರಲ್ಲಿ ಮೈಸೂರಿನಲ್ಲಿ ಅವರ ಹೆಸರಿನಲ್ಲಿ ಸಂಗೀತ ವಿಶ್ವವಿದ್ಯಾಲಯ ಹುಟ್ಟಿತು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು, ಸರಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಉಮಾಬಾಯಿಯವರಂತೂ ತಾಮ್ರಪತ್ರವನ್ನೂ ಪಿಂಚಣಿಯನ್ನೂ ಬೇಡವೆಂದು, ಹುಬ್ಬಳ್ಳಿಯಲ್ಲೇ ಸರಳವಾಗಿ ಬಾಳಿ 1992ರಲ್ಲಿ ನೂರರ ವಯಸ್ಸಿನಲ್ಲಿ ಕಣ್ಮುಚ್ಚಿದರು.

ಜೋಗಪ್ಪ-ಜೋಗತಿಯರ ಸರದಿ ಇನ್ನೂ ತಡವಾಯಿತು. ಗೋಕಾಕ್ ಚಳವಳಿಯಿಂದ ಧಾರವಾಡ-ಹುಬ್ಬಳ್ಳಿಯ ಬೀದಿಗಳು ಕನ್ನಡದ ಘೋಷಣೆಗಳಲ್ಲಿ ಮುಳುಗಿದ್ದ 1982ರಲ್ಲೇ ರಾಜ್ಯದ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ರೂಪುಗೊಂಡಿತು. ಅದರ ವ್ಯಾಖ್ಯೆಯಲ್ಲಿ ದೇವರಿಗೆ ಬಿಡಲ್ಪಟ್ಟವಳು ಎಂದರೆ ಹೆಣ್ಣು ಮಾತ್ರ. ಅದೇ ಯಲ್ಲಮ್ಮನ ಹೆಸರಿನಲ್ಲಿ, ಅದೇ ಮುತ್ತು ಕಟ್ಟಿಸಿಕೊಂಡ ಜೋಗಪ್ಪಂದಿರು ಆ ಸಾಲಿನ ಹೊರಗೆ ಉಳಿದರು. ಗುಡ್ಡದ ಮೇಲಿನ ಪೊಲೀಸರ ಕಣ್ಣು ಅವರನ್ನು ಬಿಡಲಿಲ್ಲ, ಪುನರ್ವಸತಿಯ ಪಟ್ಟಿ ಅವರನ್ನು ಸೇರಿಸಿಕೊಳ್ಳಲಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಮನ್ನು ಸೇರಿಸಿ, ಲಿಂಗತ್ವ ಅಲ್ಪಸಂಖ್ಯಾತರ ಹೆಸರುಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟು ಅವರ ಚಲನವಲನದ ಮೇಲೆ ನಿಗಾ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಡಲಾಯಿತು. ಸಮುದಾಯದ ಸಂಘಟನೆಗಳು ಹೈಕೋರ್ಟಿಗೆ ಹೋದ ಮೇಲೆ ಆ ಕಲಮಿನಿಂದ ಅವರನ್ನು ಗುರಿಮಾಡಿದ ಪದವನ್ನು ತೆಗೆಯಬೇಕಾಯಿತು. ಬ್ರಿಟಿಷರ ಕಾಲದ ಅಪರಾಧಿ ಬುಡಕಟ್ಟು ಕಾಯ್ದೆಯ ವಾಸನೆ ಸ್ವತಂತ್ರ ಕರ್ನಾಟಕದ ಕಾನೂನಿನಲ್ಲಿ ಅಷ್ಟು ಕಾಲ ಉಳಿದಿತ್ತು.

ಇದಾದ ಕೆಲವೇ ವರ್ಷಗಳಲ್ಲಿ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಅದು 2019. ಕಲ್ಲುಕಂಬದಲ್ಲಿ ಹುಡುಗನಾಗಿ ಹುಟ್ಟಿ, ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡು, ಮನೆಯಿಂದ ದೂರವಾಗಿ, ಭಿಕ್ಷೆ ಬೇಡಿ, ಹಿರಿಯ ಜೋಗತಿ ಕಾಳವ್ವನವರ ಬಳಿ ಕುಣಿತ ಕಲಿತ ಕಲಾವಿದೆ ಅವರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನದಲ್ಲಿ ಎದ್ದು ಬಂದಾಗ ಸೆರಗಿನಿಂದ ರಾಷ್ಟ್ರಪತಿಯವರಿಗೆ ದೃಷ್ಟಿ ನಿವಾಳಿಸಿದರು. ಊರಿನ ಮನೆಬಾಗಿಲಿನಲ್ಲಿ ಜೋಗತಿಯರು ಮಕ್ಕಳಿಗೆ, ಬಾಣಂತಿಯರಿಗೆ ಮಾಡುವ ಹರಕೆಯದು. ಮನ್ನಣೆ ಪಡೆಯಲು ಬಂದವರು ತಾವೇ ಹರಸಿ ಹೋದದ್ದನ್ನು ದೇಶವೆಲ್ಲ ನೋಡಿತು. ಅದೇ ವರ್ಷ ಸರಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರ ಮೀಸಲಾತಿಯನ್ನು ಕರ್ನಾಟಕ ತಂದಿತು. ದೇಶದಲ್ಲಿ ಇದನ್ನು ಮೊದಲು ಮಾಡಿದ ರಾಜ್ಯ ಇದೇ.

2025ರಲ್ಲಿ ವಿಧಾನಮಂಡಲ 1982ರ ಕಾಯ್ದೆಯ ಜಾಗಕ್ಕೆ ಹೊಸದೊಂದು ದೇವದಾಸಿ ಮಸೂದೆಯನ್ನು ಅಂಗೀಕರಿಸಿತು. ದೇವದಾಸಿಯರ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯಲೇಬೇಕೆಂಬ ಒತ್ತಾಯ ಅದರಲ್ಲಿಲ್ಲ. ಬೇಕೆಂದವರು ತಂದೆ ಯಾರೆಂದು ಕಾನೂನಿನ ಮೂಲಕ ಸ್ಥಾಪಿಸಿ ಹಕ್ಕು ಕೇಳುವ ದಾರಿಯಿದೆ. ಶುಕ್ರವಾರಪೇಟೆಯ ಅಂಬಾಬಾಯಿಯ ಮಗಳು ತಂದೆಯ ಅಡ್ಡಹೆಸರನ್ನು ಬಿಟ್ಟು ತಾಯಿಯ ಕಡೆಯ ಹಾನಗಲ್ಲನ್ನು ಹೆಸರಿಗೆ ಸೇರಿಸಿಕೊಂಡೇ ಬಾಳಿದರು. ಆ ಸ್ವಾತಂತ್ರ್ಯವನ್ನು ಕಂಠದ ಬಲವಿಲ್ಲದ ಮಕ್ಕಳಿಗೂ ಕಾಗದದ ಮೇಲೆ ಬರೆದುಕೊಡಲು ನಾಡಿಗೆ ಬೆಳಗಾವಿಯಿಂದ ಈಚೆಗೆ ನೂರು ವರ್ಷ ಹಿಡಿಯಿತು.